ಕಾರಿನ ನಾತ ಗಾಳಿಯಲ್ಲಿಲ್ಲ, ಸೀಟಿನ ಹೊಟ್ಟೆಯಲ್ಲಿದೆ

ಒಮ್ಮೆ ನನ್ನ ಕಾರಿನ ಹಿಂದಿನ ಸೀಟಿನ ಮೇಲೆ ಅರ್ಧ ಲೀಟರ್ ಹಾಲು ಚೆಲ್ಲಿತು. ಮುಚ್ಚಳ ಸರಿಯಾಗಿ ಹಾಕದೆ ಬಾಟಲಿ ಇಟ್ಟವನು ನಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ. ಬಟ್ಟೆ ತಗೊಂಡು ಚೆನ್ನಾಗಿ ಒರೆಸಿದೆ. ಸಂಜೆ ಮುಟ್ಟಿ ನೋಡಿದರೆ ಸೀಟು ಒಣಗಿತ್ತು. ಅಲ್ಲಿಗೆ ಕಥೆ ಮುಗೀತು ಅಂದುಕೊಂಡೆ. ಮೂರನೇ ದಿನ ಮಧ್ಯಾಹ್ನ, ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದರೆ ಒಳಗೆ ಯಾರೋ ವಾಂತಿ ಮಾಡಿಕೊಂಡ ಹಾಗೆ ನಾತ. ನಿಂಬೆ ಘಮದ ಏರ್ ಫ್ರೆಶ್‌ನರ್ ತಂದು ತೂಗುಹಾಕಿದೆ. ಆಮೇಲೆ ಎರಡು ವಾರ, ನಿಂಬೆಹಣ್ಣು ತಿಂದು ವಾಂತಿ ಮಾಡಿಕೊಂಡ ವಾಸನೆ.

ಹಾಲು ಎಲ್ಲಿಗೆ ಹೋಗಿತ್ತು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಕಾರಿನ ಸೀಟು ಹೊರಗಿನಿಂದ ಒಂದೇ ವಸ್ತುವಿನ ಹಾಗೆ ಕಾಣುತ್ತದೆ. ಕತ್ತರಿಸಿ ನೋಡಿದರೆ ಪದರ ಪದರ. ಮೇಲೆ ಬಟ್ಟೆ, ಸಾಮಾನ್ಯವಾಗಿ ಪಾಲಿಯೆಸ್ಟರ್. ಅದರ ಬೆನ್ನಿಗೆ ಅಂಟಿಸಿದ ಕೆಲವೇ ಮಿಲಿಮೀಟರಿನ ತೆಳು ಫೋಮು. ಅದರ ಕೆಳಗೆ ನಾಲ್ಕೈದು ಬೆರಳು ದಪ್ಪದ ಪಾಲಿಯುರೆಥೇನ್ ಫೋಮು. ಈ ದಪ್ಪ ಫೋಮಿನಲ್ಲಿ ನೂರಕ್ಕೆ 90 ಭಾಗಕ್ಕಿಂತ ಜಾಸ್ತಿ ಬರೀ ಗಾಳಿ. ಒಳಗಿನ ಗುಳ್ಳೆಗಳೆಲ್ಲ ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಅಂದರೆ ನಾವು ಕೂರುವುದು ಒಂದು ದೊಡ್ಡ ಸ್ಪಂಜಿನ ಮೇಲೆ. ಮೇಲೆ ಬಿದ್ದ ಹಾಲು ಕೆಲವೇ ಸೆಕೆಂಡಿನಲ್ಲಿ ಬಟ್ಟೆ ದಾಟಿ ಒಳಗಿಳಿಯುತ್ತದೆ. ಬಟ್ಟೆ ಬೇಗ ಒಣಗುತ್ತದೆ, ಫೋಮು ಒಣಗುವುದಿಲ್ಲ. ಸೀಟು ಒಣಗಿದೆ ಅಂತ ಬೆರಳು ಸುಳ್ಳು ಹೇಳುವುದು ಇದಕ್ಕೇ. ಇನ್ನೊಂದು ತಮಾಷೆ ಇದೆ. ಯಾರಾದರೂ ಕೂತಾಗ ಫೋಮು ಅಮುಕುತ್ತದೆ, ಒಳಗಿನ ಗಾಳಿ ಹೊರಗೆ ಬರುತ್ತದೆ. ಎದ್ದಾಗ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ. ನಾರುವ ಸೀಟು ಪ್ರತಿ ಸಲ ಕೂತಾಗಲೂ ನಮ್ಮ ಮುಖಕ್ಕೇ ಉಸಿರು ಬಿಡುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಹಾಲಿನಲ್ಲಿ ನೀರು ಬಿಟ್ಟರೆ ನೂರಕ್ಕೆ 12 ಭಾಗದಷ್ಟು ಘನ ಪದಾರ್ಥ ಇರುತ್ತದೆ: ಕೊಬ್ಬು, ಪ್ರೋಟೀನ್, ಲ್ಯಾಕ್ಟೋಸ್ ಎಂಬ ಸಕ್ಕರೆ, ಒಂದಿಷ್ಟು ಲವಣ. ಅರ್ಧ ಲೀಟರಿಗೆ ಸುಮಾರು 60 ಗ್ರಾಂ. ನಾನು ಒರೆಸಿದ್ದರಲ್ಲಿ ಅರ್ಧ ಹೋಯಿತು ಅಂದುಕೊಂಡರೂ 30 ಗ್ರಾಂ ಊಟ ಸೀಟಿನೊಳಗೆ ಉಳಿಯಿತು. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬ. 300 ಮಿಲಿಲೀಟರ್ ಮಾಮೂಲಿ ಕೋಲಾ ಚೆಲ್ಲಿದರೂ 30 ಗ್ರಾಂ ಮೇಲೆ ಸಕ್ಕರೆ ಒಳಗಿಳಿಯುತ್ತದೆ. ಸಕ್ಕರೆ ಇಲ್ಲದ ಕಪ್ಪು ಕಾಫಿ ಚೆಲ್ಲಿದರೆ ಕಲೆ ಜೋರು, ವಾಸನೆ ಅಷ್ಟೇನಿಲ್ಲ. ಅದರಲ್ಲಿ ತಿನ್ನಲು ಹೆಚ್ಚೇನೂ ಇರುವುದಿಲ್ಲವಲ್ಲ.

ಮೇಲಿಂದ ಬಿಸಿಲು. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ 20 ಡಿಗ್ರಿಯಷ್ಟು ಏರಬಹುದು. ಅದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ. ಬ್ಯಾಕ್ಟೀರಿಯಾಗಳು ಸುಖವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ನಡುವೆ. ರಾತ್ರಿ, ಬೆಳಗ್ಗೆ, ಸಂಜೆ ಕಾರು ಅವುಗಳಿಗೆ ಹೇಳಿ ಮಾಡಿಸಿದ ಮನೆ. ಮಧ್ಯಾಹ್ನ ಬಿಸಿ ಏರಿದಾಗ ಅವು ಮಾಡಿಟ್ಟ ವಾಸನೆಯ ವಸ್ತುಗಳೆಲ್ಲ ಆವಿಯಾಗಿ ಮೇಲೇಳುತ್ತವೆ. ತಂಪು ಹೊತ್ತಿನಲ್ಲಿ ವಾಸನೆ ಹೋಯಿತು ಅನ್ನಿಸಿ ಬಿಸಿಲಿಗೆ ಮತ್ತೆ ಬರುವುದರ ಗುಟ್ಟು ಇದು. ಅದು ಹೋಗಿರಲೇ ಇಲ್ಲ.

ಮೂಗು ಹೇಳುವುದನ್ನು ಕೇಳಿ

ಕೆಟ್ಟ ವಾಸನೆಗೆ ಕನ್ನಡದಲ್ಲಿ ಎಷ್ಟೊಂದು ಪದಗಳಿವೆ ನೋಡಿ. ಹುಳಿ ವಾಸನೆ, ಹಳಸಲು, ಕಮಟು, ಮುಗ್ಗಲು, ಕೊಳೆತ ನಾತ. ಇವು ಸುಮ್ನೆ ಬೈಗುಳಗಳಲ್ಲ. ಒಂದೊಂದರ ಹಿಂದೆಯೂ ಬೇರೆ ಬೇರೆ ರಾಸಾಯನಿಕಗಳಿವೆ. ಬಾಗಿಲು ತೆಗೆದ ಕೂಡಲೇ ನಿಮ್ಮ ಬಾಯಿಗೆ ಯಾವ ಪದ ಬಂತು ಅನ್ನುವುದರಲ್ಲೇ ಯಾವ ಮದ್ದು ಬೇಕು ಅನ್ನುವುದು ಅರ್ಧ ಸಿಕ್ಕಿಬಿಡುತ್ತದೆ.

ಹುಳಿ ವಾಸನೆ ಅಂದರೆ ಸಕ್ಕರೆ ಹುದುಗಿದೆ. ಹಣ್ಣಿನ ರಸ, ಸಿಹಿ ಪಾನೀಯ ಚೆಲ್ಲಿದಾಗ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಬೇರೆ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ವಿನಿಗರ್‌ನಲ್ಲಿರುವುದೂ ಅದೇ. ಈ ಸಾಲಿನಲ್ಲಿ ಇದು ಬಡಪಾಯಿ. ಸಕ್ಕರೆ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಬೇಗ ಕೈ ಹಾಕಿದರೆ ನೀರೊಂದೇ ಸಾಕು.

ಕಮಟು ಅಂದರೆ ಕೊಬ್ಬು ಕೆಟ್ಟಿದೆ. ಅಡುಗೆ ಎಣ್ಣೆ ಕಮಟಾಗಲು ಬ್ಯಾಕ್ಟೀರಿಯಾ ಕೂಡ ಬೇಕಿಲ್ಲ, ಗಾಳಿಯ ಆಮ್ಲಜನಕ ಸಾಕು. ಬರೀ ನಿಧಾನ, ವಾರಗಟ್ಟಲೆ ಹಿಡಿಯುತ್ತದೆ. ಹಾಲಿನ ಕೊಬ್ಬಿನದು ಬೇರೆಯೇ ಕಥೆ. ಅದು ಒಡೆದಾಗ ಬ್ಯುಟಿರಿಕ್ ಆಮ್ಲ ಹೊರಬರುತ್ತದೆ. ಹೆಸರಿನ ಮೂಲದಲ್ಲಿರುವುದು ಬೆಣ್ಣೆ ಅನ್ನುವ ಲ್ಯಾಟಿನ್ ಪದ. ಫ್ರೆಂಚ್ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್ 19ನೇ ಶತಮಾನದ ಆರಂಭದಲ್ಲಿ ಬೆಣ್ಣೆಯಲ್ಲಿ ಅದನ್ನು ಗುರುತಿಸಿದರು. ವಾಂತಿಯ ವಾಸನೆಯಲ್ಲೂ ಇದೇ ಆಮ್ಲ ಇರುತ್ತದೆ. ನನ್ನ ಮೂಗು ಸುಳ್ಳು ಹೇಳಿರಲಿಲ್ಲ ಅಂತಾಯಿತು! ಅತಿ ಕಡಿಮೆ ಇದ್ದರೂ ಮೂಗು ಇದನ್ನು ಹಿಡಿಯುತ್ತದೆ. ಇದರ ಕುದಿಬಿಂದು 163 ಡಿಗ್ರಿ ಆಸುಪಾಸು. ಹಾಗಾಗಿ ನಾಲ್ಕು ದಿನ ಕಿಟಕಿ ತೆಗೆದಿಟ್ಟರೆ ಹಾರಿಹೋಗುವ ಜಾತಿಯಲ್ಲ. ಸ್ವಲ್ಪ ಸ್ವಲ್ಪವೇ ಆವಿಯಾಗುತ್ತಾ ತಿಂಗಳುಗಟ್ಟಲೆ ಕಾಡುತ್ತದೆ.

ಮೀನಿನ ನಾತ ಇದಕ್ಕೆ ಪೂರ್ತಿ ಉಲ್ಟಾ. ಅದು ಟ್ರೈಮೀಥೈಲಮೀನ್ ಎಂಬ ವಸ್ತು. ಆಮ್ಲವಲ್ಲ, ಕ್ಷಾರ. 3 ಡಿಗ್ರಿಗೇ ಕುದಿಯುತ್ತದೆ, ಅಂದರೆ ಮಾಮೂಲಿ ತಾಪದಲ್ಲಿ ಅದು ಅನಿಲ. ಕಿಟಕಿ ತೆಗೆದರೆ ಬೇಗ ಹೋಗುತ್ತದೆ. ಆದರೆ ಮೀನಿನ ನೀರು ಒಳಗೆ ಇರುವವರೆಗೂ ಹೊಸದು ತಯಾರಾಗುತ್ತಲೇ ಇರುತ್ತದೆ. ಮೊಟ್ಟೆ, ಮಾಂಸದ ರಸ ಕೊಳೆತಾಗ ಬರುವ ನಾತದಲ್ಲಿ ಇಂಥ ಅಮೀನ್‌ಗಳ ಜೊತೆ ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳೂ ಸೇರಿರುತ್ತವೆ.

ಇನ್ನು ಮುಗ್ಗಲು. ಇದು ಚೆಲ್ಲಿದ ಪದಾರ್ಥದ ವಾಸನೆಯೇ ಅಲ್ಲ, ತೇವದ್ದು. ಒದ್ದೆಯಾಗಿ ಒಂದೆರಡು ದಿನ ಉಳಿದರೆ ಬೂಷ್ಟು ಹಿಡಿಯಲು ಶುರು. ಎಷ್ಟೋ ಸಲ ಈ ವಾಸನೆಯನ್ನು ತಯಾರಿಸುವವರು ನಾವೇ. ಚೆನ್ನಾಗಿ ತೊಳೆದು, ಒಣಗಿಸದೆ ಬಾಗಿಲು ಹಾಕಿಬಿಟ್ಟಿರುತ್ತೇವೆ.

ಹುಡುಕುವ ಕೆಲಸ

ನಮ್ಮದೇ ಕಾರಿನ ವಾಸನೆ ನಮಗೆ ಸರಿಯಾಗಿ ಸಿಗುವುದಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗು ಅದನ್ನು ಲೆಕ್ಕಕ್ಕಿಡುವುದು ನಿಲ್ಲಿಸುತ್ತದೆ. ಆದ್ದರಿಂದ ಕಾರನ್ನು ಒಂದು ಗಂಟೆ ಮುಚ್ಚಿ ಬಿಸಿಲಲ್ಲಿಡಿ. ಬಾಗಿಲು ತೆಗೆದು ಮೊದಲ ಒಂದು ನಿಮಿಷದಲ್ಲಿ ಮೂಗನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ಒಯ್ದು ಒಂದೊಂದೇ ಜಾಗ ಮೂಸಿ. ನೋಡಿದವರು ನಕ್ಕರೆ ನಗಲಿ. ಸೀಟು ಮತ್ತು ನಡುವಿನ ಕನ್ಸೋಲ್ ನಡುವಿನ ಸಂದಿ, ಬೆಲ್ಟ್ ಬಕಲ್ ಕೂರುವ ಗುಳಿ, ಸೀಟಿನ ಕೆಳಗಿನ ಹಳಿ, ಮ್ಯಾಟಿನ ಅಡಿ, ಮಗುವಿನ ಸೀಟಿದ್ದರೆ ಅದರ ಅಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ಡಿಕ್ಕಿಯಲ್ಲಿ ಸೋರಿದ್ದೆಲ್ಲ ಕೊನೆಗೆ ಆ ಗುಂಡಿಗೇ ಇಳಿಯುತ್ತದೆ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಹಾಲಿನಂಥ ಕಲೆಗಳು ಹೊಳೆಯುವುದುಂಟು. ಸೋಪಿನ ಉಳಿಕೆ, ಕೆಲವು ಬಟ್ಟೆಯ ಎಳೆಗಳೂ ಹೊಳೆಯುತ್ತವೆ, ಹಾಗಾಗಿ ಕೊನೆಯ ತೀರ್ಪು ಮೂಗಿಗೇ ಬಿಡಿ.

ನೆಲಕ್ಕೆ ಚೆಲ್ಲಿದ್ದರೆ ಸೀಟಿಗಿಂತ ಕಷ್ಟ. ಕಾರ್ಪೆಟ್ಟಿನ ಕೆಳಗೆ ದಪ್ಪ ಫೆಲ್ಟ್ ಅಥವಾ ಫೋಮಿನ ಹಾಸು ಇರುತ್ತದೆ, ಅದರ ಕೆಳಗೆ ಸದ್ದು ತಡೆಯುವ ಶೀಟು, ಆಮೇಲೆ ತಗಡು. ಮೇಲಿನಿಂದ ಇಳಿದದ್ದಕ್ಕೆ ಕೆಳಗೆ ದಾರಿಯೇ ಇಲ್ಲ. ಅಲ್ಲೇ ಕೂತು ಕೊಳೆಯುತ್ತದೆ.

ತೊಳೆಯುವುದು ಅಂದರೆ ಹೀರುವುದು

ಈಗ ಈ ಲೇಖನದ ಮುಖ್ಯ ಮಾತು. ಚೆಲ್ಲಿದ್ದು ಎಷ್ಟು ಆಳಕ್ಕೆ ಇಳಿದಿದೆಯೋ, ನೀವು ಹಾಕುವ ಮದ್ದೂ ಅಷ್ಟೇ ಆಳಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಮೇಲೆ ಬರಬೇಕು. ಸೀಟಿನ ಮೇಲೆ ನಾಲ್ಕು ಸಲ ಸ್ಪ್ರೇ ಹೊಡೆದು ಒರೆಸುವುದು ಅಂಗಿಯ ಮೇಲಿಂದ ಬೆನ್ನು ತೊಳೆದ ಹಾಗೆ.

ಆಗಷ್ಟೇ ಚೆಲ್ಲಿದ್ದರೆ ಉಜ್ಜಬೇಡಿ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಒಳಗೂ ಇಳಿಯುತ್ತದೆ. ಗಟ್ಟಿ ಪದಾರ್ಥ ಇದ್ದರೆ ಚಮಚದಲ್ಲಿ ಎತ್ತಿ. ದಪ್ಪ ಟವೆಲ್ ಮಡಚಿ ಇಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿ. ಟವೆಲ್ ಒದ್ದೆಯಾದರೆ ಬದಲಿಸಿ. ಆಮೇಲೆ ತಣ್ಣೀರು ಹಾಕಿ ಮತ್ತೆ ಹೀರಿ. ಹಾಲು, ಮೊಟ್ಟೆ, ಮಾಂಸದ ರಸಕ್ಕೆ ತಣ್ಣೀರೇ ಬೇಕು. ಬಿಸಿನೀರು ಬಿದ್ದರೆ ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ, ಮೊಟ್ಟೆ ಬೆಂದ ಹಾಗೆ. ಮೊದಲೇ ಸ್ಟೀಮ್ ಕ್ಲೀನರ್ ಹಿಡಿಯುವವರು ಮಾಡಿಕೊಳ್ಳುವ ಎಡವಟ್ಟು ಇದು.

ಹಳೆಯ ವಾಸನೆಗೆ ಒಂದೇ ಒಂದು ಯಂತ್ರಕ್ಕೆ ದುಡ್ಡು ಹಾಕಿ ಅಂದರೆ ನಾನು ಹೇಳುವುದು ನೀರು ಎಳೆಯುವ ವ್ಯಾಕ್ಯೂಮ್. ಬಾಡಿಗೆಗೆ ಸಿಕ್ಕರೂ ಆದೀತು. ನೀರು ಹಾಕು, ಎಳೆ, ಮತ್ತೆ ಹಾಕು, ಮತ್ತೆ ಎಳೆ. ಮೊದಲ ಸಲ ತೊಟ್ಟಿಗೆ ಬೀಳುವ ನೀರಿನ ಬಣ್ಣ ನೋಡಿದರೆ ಇಷ್ಟು ದಿನ ಏನರ ಮೇಲೆ ಕೂತಿದ್ದೆವು ಅಂತ ತಿಳಿಯುತ್ತದೆ. ಆ ನೀರು ತಿಳಿಯಾಗುವವರೆಗೆ ಬಿಡಬೇಡಿ. ಎಣ್ಣೆ, ಹಾಲು ಇದ್ದರೆ ಒಂದೆರಡು ಸುತ್ತಿನಲ್ಲಿ ತುಸು ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಕೊಬ್ಬು ಬರೀ ನೀರಿಗೆ ಬಗ್ಗುವುದಿಲ್ಲ. ತುಸು ಅಂದರೆ ಕೆಲವೇ ಹನಿ. ಜಾಸ್ತಿಯಾದರೆ ನೊರೆ ತೆಗೆಯುವುದೇ ಇನ್ನೊಂದು ದಿನದ ಕೆಲಸ, ಉಳಿದ ಸೋಪಿಗೆ ಹೊಸ ಕೊಳೆ ಅಂಟುತ್ತದೆ.

ಸೀಟಿನ ಕೆಳಗೆ ನೀರು ಸುರಿಯುವ ಮುಂಚೆ ಬಗ್ಗಿ ನೋಡಿ. ಅಲ್ಲಿ ವೈರುಗಳಿರುತ್ತವೆ, ಕೆಲವು ಕಾರುಗಳಲ್ಲಿ ಕಂಟ್ರೋಲ್ ಯೂನಿಟ್ಟೇ ಇರುತ್ತದೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗು, ಜನ ಕೂತದ್ದನ್ನು ತಿಳಿಯುವ ಸೆನ್ಸರ್ ಇರಬಹುದು. ಕೆಲವು ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಹಿಂದಿನ ಸೀಟಿನ ಹತ್ತಿರವೇ ಇರುತ್ತದೆ. ಅಂಥ ಕಡೆ ಸುರಿಯುವುದಲ್ಲ, ಒದ್ದೆ ಮಾಡಿ ಎಳೆಯುವುದು. ಮುಂದಿನ ಸೀಟು ಬಿಚ್ಚುವ ಯೋಚನೆ ಇದ್ದರೆ ಗೊತ್ತಿರುವ ಮೆಕ್ಯಾನಿಕ್ ಕೈಗೆ ಕೊಡಿ. ಏರ್‌ಬ್ಯಾಗಿನ ಕನೆಕ್ಟರ್ ಜೊತೆ ಆಟ ಬೇಡ.

ನೀರು ತೆಗೆದು ಉಳಿದದ್ದಕ್ಕೆ ಎಂಜೈಮ್ ಇರುವ ಕ್ಲೀನರ್ ಒಳ್ಳೆಯದು. ಪ್ರೋಟಿಯೇಸ್ ಪ್ರೋಟೀನನ್ನೂ, ಲೈಪೇಸ್ ಕೊಬ್ಬನ್ನೂ, ಅಮೈಲೇಸ್ ಗಂಜಿಯ ಅಂಶವನ್ನೂ ಸಣ್ಣ ಸಣ್ಣ ತುಂಡು ಮಾಡುತ್ತವೆ, ತುಂಡಾದದ್ದು ನೀರಿನ ಜೊತೆ ಬರುತ್ತದೆ. ಇದನ್ನು ಬಳಸಿ ಉಪಯೋಗವಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಹೊತ್ತು ಕೊಟ್ಟಿರುವುದಿಲ್ಲ. ಎಂಜೈಮ್ ಕೆಲಸ ಮಾಡುವುದು ಒದ್ದೆ ಇರುವಷ್ಟು ಹೊತ್ತು ಮಾತ್ರ. ಫೋಮಿನೊಳಗೆ ಇಳಿಯುವಷ್ಟು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ಎಳೆಯಿರಿ. ಕುದಿಯುವ ನೀರು, ಬ್ಲೀಚು, ವಿನಿಗರ್ ಜೊತೆ ಸೇರಿಸಬೇಡಿ, ಎಂಜೈಮ್ ಕೆಟ್ಟುಹೋಗುತ್ತದೆ.

ಈಗ ಆಮ್ಲ, ಕ್ಷಾರದ ಮಾತಿಗೆ ಬರೋಣ. ಅಡುಗೆ ಸೋಡಾ ಎಲ್ಲ ವಾಸನೆಗೂ ರಾಮಬಾಣ ಅಂತ ಹೇಳುವವರಿದ್ದಾರೆ. ಅಲ್ಲ. ಸೋಡಾ ಮೆದು ಕ್ಷಾರ. ಬ್ಯುಟಿರಿಕ್ ಆಮ್ಲ, ಅಸಿಟಿಕ್ ಆಮ್ಲ ಅದರ ಜೊತೆ ಸೇರಿದರೆ ಲವಣವಾಗುತ್ತವೆ. ಲವಣ ಆವಿಯಾಗುವುದಿಲ್ಲ, ಹಾಗಾಗಿ ಮೂಗಿಗೆ ತಲುಪುವುದಿಲ್ಲ. ಹಾಲು, ಹಣ್ಣಿನ ರಸದ ವಾಸನೆಗೆ ಇದು ಸರಿ. ಮೀನಿನ ನಾತಕ್ಕೆ ಸೋಡಾ ಹಾಕಿ ಪ್ರಯೋಜನವಿಲ್ಲ. ಕ್ಷಾರಕ್ಕೆ ಬೇಕಾದದ್ದು ಆಮ್ಲ, ಅಂದರೆ ಒಂದು ಪಾಲು ಬಿಳಿ ವಿನಿಗರ್‌ಗೆ ಎರಡು ಮೂರು ಪಾಲು ನೀರು. ಮೀನಿಗೆ ನಿಂಬೆ ಹಿಂಡುವುದರ ಹಿಂದೆಯೂ ಇದೇ ಲೆಕ್ಕ. ಎರಡನ್ನೂ ಒಟ್ಟಿಗೆ ಸುರಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚಂದ. ಆದರೆ ಅವೆರಡೂ ಒಂದನ್ನೊಂದು ಮುಗಿಸಿಕೊಂಡು ನಿಮ್ಮ ಪಾಲಿಗೆ ಉಪ್ಪುನೀರಿನಂಥದ್ದು ಉಳಿಯುತ್ತದೆ, ಅಷ್ಟೇ.

ಸೋಡಾ ಪುಡಿಯನ್ನು ಸೀಟಿನ ಮೇಲೆ ಉದುರಿಸಿ ರಾತ್ರಿ ಬಿಟ್ಟರೆ ಮೇಲಕ್ಕೆ ಬಂದ ವಾಸನೆಯನ್ನಷ್ಟೇ ಅದು ಹಿಡಿಯುತ್ತದೆ. ಕೆಳಗೆ ಕೂತದ್ದಕ್ಕೆ ಅದು ಗೊತ್ತೂ ಆಗುವುದಿಲ್ಲ. ಅರ್ಧ ಲೀಟರ್ ನೀರಿಗೆ ಒಂದು ಚಮಚ ಕರಗಿಸಿ ಒಳಗಿಳಿಸಿ ಎಳೆಯುವುದು ಲೇಸು. ಏನೇ ಹಾಕುವುದಿದ್ದರೂ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದಾ ನೋಡಿ. ಬ್ಲೀಚ್ ಮಾತ್ರ ಬೇಡವೇ ಬೇಡ. ಬಣ್ಣ ಹೋಗುವುದು ಒಂದು ಕಡೆ, ವಿನಿಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಅಪಾಯ.

ಚರ್ಮದ ಸೀಟಿಗೆ ಇಷ್ಟೆಲ್ಲ ನೀರು ಆಗುವುದಿಲ್ಲ. ಒದ್ದೆ ಬಟ್ಟೆ, ಚರ್ಮದ ಕ್ಲೀನರ್ ಸಾಕು, ಹೊಲಿಗೆ ಮತ್ತು ಸಣ್ಣ ತೂತುಗಳ ಕಡೆ ಗಮನ ಇರಲಿ. ತಲೆಯ ಮೇಲಿನ ರೂಫ್ ಬಟ್ಟೆಯನ್ನು ಅಂಟಿನಲ್ಲಿ ಕೂರಿಸಿರುತ್ತಾರೆ. ನೆನೆಸಿದರೆ ಜೋತುಬೀಳುತ್ತದೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಮೆದು ಸೋಪುನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಒಳಗೆ ಬಿಡಿ.

ಒಣಗಿಸುವುದಕ್ಕೆ ತೊಳೆದದ್ದಕ್ಕಿಂತ ಜಾಸ್ತಿ ತಾಳ್ಮೆ ಬೇಕು. ಬಾಗಿಲು ತೆಗೆದು, ಟೇಬಲ್ ಫ್ಯಾನ್ ಗಾಳಿ ನೇರ ಒದ್ದೆ ಜಾಗಕ್ಕೆ ಬೀಳುವ ಹಾಗೆ ಇಡಿ. ಕನಿಷ್ಠ ಒಂದು ಹಗಲು, ದಪ್ಪ ಫೋಮಿಗೆ ಎರಡು. ಒಣಗುತ್ತಾ ಬಂದ ಹಾಗೆ ಹೋಗಿದ್ದ ಕಲೆ ಮತ್ತೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಬಟ್ಟೆ ಒಳಗಿನ ಕೊಳೆಯನ್ನು ಮೇಲಕ್ಕೆ ಎಳೆದಿರುತ್ತದೆ. ಒಳಗೆ ಇನ್ನೂ ಉಳಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಇನ್ನೊಂದು ಸುತ್ತು ಹಾಕಿ.

ಎಲ್ಲ ಆದ ಮೇಲೂ ಎಸಿ ಹಾಕಿದಾಗ ಮಾತ್ರ ವಾಸನೆ ಬಂದರೆ ಕ್ಯಾಬಿನ್ ಫಿಲ್ಟರ್ ನೋಡಿ. ಬಹಳ ಕಾರುಗಳಲ್ಲಿ ಅದು ಗ್ಲವ್‌ಬಾಕ್ಸ್ ಹಿಂದೆ ಇರುತ್ತದೆ. ತೊಳೆಯುವುದಕ್ಕಿಂತ ಬದಲಿಸುವುದೇ ಸುಲಭ. ಆದರೆ ಮೂಲ ತೆಗೆಯದೆ ಫಿಲ್ಟರ್ ಹಾಕಿದರೆ ಹೊಸ ಫಿಲ್ಟರೂ ಕೆಟ್ಟಿತು.

ಇದ್ದಿಲಿನ ಚೀಲದ ಬಗ್ಗೆ ಕೇಳುತ್ತಾರೆ. ಒಂದು ಗ್ರಾಂ ಆಕ್ಟಿವೇಟೆಡ್ ಇದ್ದಿಲಿನ ಒಳಗಿನ ತೂತುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಸುಪಾಸು ಬರುತ್ತದೆ. ವಾಸನೆಯ ಅಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ತೊಳೆದ ಮೇಲೆ ಉಳಿದ ಚೂರುಪಾರಿಗೆ ಅದು ಚೆನ್ನ. ಓಝೋನ್ ಯಂತ್ರ ಇನ್ನೂ ಜೋರು, ಗಾಳಿಗೆ ತಾಗಿದ ಜಾಗದ ವಾಸನೆಯನ್ನು ಸುಟ್ಟ ಹಾಗೆ ಮುರಿಯುತ್ತದೆ. ಆದರೆ ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರನ್ನೂ ತಿನ್ನುತ್ತದೆ. ಅದು ಓಡುವಾಗ ಕಾರಿನಲ್ಲಿ ಮನುಷ್ಯರು, ಪ್ರಾಣಿಗಳು ಇರಬಾರದು, ಆಮೇಲೆ ಚೆನ್ನಾಗಿ ಗಾಳಿ ಆಡಿಸಬೇಕು. ಫೋಮಿನ ತಳದಲ್ಲಿರುವ ಹಾಲಿನ ಹತ್ತಿರ ಅದೂ ಹೋಗುವುದಿಲ್ಲ. ತೊಳೆಯದೆ ಓಝೋನ್ ಹಿಡಿಸಿದವರು ಒಂದು ವಾರ ಖುಷಿಯಾಗಿರುತ್ತಾರೆ.

ನನ್ನ ಹಾಲಿನ ಕಥೆ ಮುಗಿದದ್ದು ಹೀಗೆ. ಹಿಂದಿನ ಸೀಟಿನ ಕೂರುವ ಭಾಗವನ್ನು ಎತ್ತಿ ಹೊರಗೆ ತಂದೆವು. ಅಡಿಯಲ್ಲಿ ಫೋಮು ಹಳದಿಯಾಗಿತ್ತು, ಕೆಳಗಿನ ಫೆಲ್ಟಿನಲ್ಲಿ ಅಂಗೈ ಅಗಲದ ಗಟ್ಟಿ ಹಕ್ಕಳೆ. ಸೀಟಿಗೆ ಐದು ಸುತ್ತು ನೀರು, ಒಂದು ಸುತ್ತು ಎಂಜೈಮ್, ಎರಡು ದಿನ ಫ್ಯಾನು. ಫೆಲ್ಟನ್ನು ಉಳಿಸಲು ನೋಡಲಿಲ್ಲ, ಅಷ್ಟು ಭಾಗ ಕತ್ತರಿಸಿ ಬಿಸಾಕಿ ಹೊಸ ತುಂಡು ಹಾಕಿದೆವು. ಆಮೇಲೆ ಕಾರನ್ನು ಮುಚ್ಚಿ ಬಿಸಿಲಲ್ಲಿಟ್ಟು, ಏನೂ ಗೊತ್ತಿಲ್ಲದ ಗೆಳೆಯನೊಬ್ಬನನ್ನು ಹಿಂದೆ ಕೂರಿಸಿದೆ. ಹತ್ತು ನಿಮಿಷ ಸುಮ್ಮನಿದ್ದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ: ಈ ನಿಂಬೆ ವಾಸನೆಯದ್ದನ್ನು ಯಾಕಪ್ಪಾ ತೂಗುಹಾಕಿದ್ದೀಯ, ತಲೆ ನೋಯ್ತಿದೆ.